ರೋಮನ್ ಸಾಮ್ರಾಜ್ಞಿಯರ ಕಂಚಿನ ನಾಣ್ಯ: ಓದುವುದು, ಪರೀಕ್ಷಿಸುವುದು, ಕಾಪಾಡುವುದು

ಹಳೆಯ ಕಂಚಿನ ನಾಣ್ಯ ಕೈಗೆ ಬಂದ ಕೂಡಲೇ ಹೆಚ್ಚಿನವರಿಗೆ ಅದನ್ನು ತಿಕ್ಕಿ ಬೆಳಗಬೇಕೆನಿಸುತ್ತದೆ. ದಯವಿಟ್ಟು ಆ ಕೆಲಸಕ್ಕೆ ಕೈ ಹಾಕಬೇಡಿ. ಮೊದಲು ತೂಗಿ, ಅಳೆಯಿರಿ, ಓದಿ. ಶುಚಿ ಮಾಡಬೇಕೇ ಬೇಡವೇ ಎಂಬ ತೀರ್ಮಾನ ಕೊನೆಯದು. ಹದಿನೆಂಟು ಶತಮಾನ ನೆಲದೊಳಗೆ ಉಳಿದುಕೊಂಡ ಮುಖವನ್ನು ಹತ್ತು ನಿಮಿಷದ ತಿಕ್ಕಾಟ ಅಳಿಸಿಬಿಡುತ್ತದೆ. ಅಳಿದದ್ದನ್ನು ಮರಳಿ ತರುವ ವಿದ್ಯೆ ಯಾವ ಪ್ರಯೋಗಾಲಯದಲ್ಲೂ ಇಲ್ಲ.

ಈ ಬರಹ ಮುಂಬದಿಯಲ್ಲಿ ಸಾಮ್ರಾಜ್ಞಿಯ ಮುಖ, ಹಿಂಬದಿಯಲ್ಲಿ ದೇವತೆ ಇರುವ ರೋಮನ್ ಕಂಚಿನ ನಾಣ್ಯಗಳಿಗೆ ಸಂಬಂಧಿಸಿದ್ದು. ಕ್ರಿ.ಶ. 22–23ರಲ್ಲಿ ಟೈಬೀರಿಯಸ್ ತನ್ನ ತಾಯಿ ಲಿವಿಯಾಳ ಗೌರವಕ್ಕೆ ಹೊರಡಿಸಿದ ನಾಣ್ಯಗಳಿಂದ ಹಿಡಿದು 380ರ ದಶಕದಲ್ಲಿ ಥಿಯೊಡೋಸಿಯಸನ ಹೆಂಡತಿ ಏಲಿಯಾ ಫ್ಲಾಕಿಲ್ಲಾಳವರೆಗೆ ಈ ಪರಂಪರೆ ಹರಡಿದೆ. ಇಲ್ಲಿ ಹೆಚ್ಚು ಜಾಗ ಕೊಟ್ಟಿರುವುದು ಎರಡನೇ ಶತಮಾನಕ್ಕೆ, ಅದರಲ್ಲೂ ಮಾರ್ಕಸ್ ಆರೇಲಿಯಸನ ಹೆಂಡತಿ ಕಿರಿಯ ಫೌಸ್ಟಿನಾಳಿಗೆ. ಅವಳ ನಾಣ್ಯಗಳು ಹೇರಳವಾಗಿ ಸಿಗುತ್ತವೆ, ಹಿಂಬದಿಯ ದೇವತೆಗಳ ವೈವಿಧ್ಯವೂ ದೊಡ್ಡದು. ಅವಳ ನಾಣ್ಯ ಓದಲು ಬಂದರೆ ಉಳಿದವರದ್ದು ಕಷ್ಟವಾಗದು.

ಬೇಕಾದ ಸಾಮಾನು

0.01 ಗ್ರಾಂವರೆಗೆ ತೋರಿಸುವ ಡಿಜಿಟಲ್ ತಕ್ಕಡಿ, ಪ್ಲಾಸ್ಟಿಕ್ ಬಾಯಿಯ ಕ್ಯಾಲಿಪರ್ (ಲೋಹದ್ದು ಅಂಚಿಗೆ ಗೀರು ಹಾಕುತ್ತದೆ), ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಬೇಕಾದ ಕಡೆ ತಿರುಗಿಸಬಹುದಾದ ಒಂದು ಟೇಬಲ್ ದೀಪ. ಮೇಜಿನ ಮೇಲೆ ದಪ್ಪ ಬಟ್ಟೆ ಹಾಸಿರಲಿ. ಹಳೆಯ ಕಂಚು ಒಳಗೇ ಸವೆದು ಪೆಡಸಾಗಿರುತ್ತದೆ, ನೆಲಕ್ಕೆ ಬಿದ್ದರೆ ಒಡೆಯಬಹುದು. ನಾಣ್ಯವನ್ನು ಯಾವಾಗಲೂ ಅಂಚಿನಲ್ಲೇ ಹಿಡಿಯಿರಿ. ಕೈಬೆವರಿನಲ್ಲಿರುವ ಉಪ್ಪು ಕಂಚಿಗೆ ಶತ್ರು; ಅದು ಯಾಕೆ ಎಂಬುದು ಕಿಲುಬಿನ ಭಾಗದಲ್ಲಿ ತಿಳಿಯುತ್ತದೆ.

ಮೊದಲ ಹೆಜ್ಜೆ: ತೂಕ, ಅಗಲ, ಲೋಹ

ರೂಢಿಯಲ್ಲಿ ಎಲ್ಲವನ್ನೂ ಕಂಚು ಎನ್ನುತ್ತೇವೆ. ನಿಜದಲ್ಲಿ ಮೊದಲ ಎರಡು ಶತಮಾನಗಳ ದೊಡ್ಡ ನಾಣ್ಯಗಳು ಹಿತ್ತಾಳೆಯವು, ಸಣ್ಣವು ತಾಮ್ರದವು. ಸೆಸ್ಟರ್ಷಿಯಸ್ ಎಂಬುದು ಹಿತ್ತಾಳೆಯದು; 30ರಿಂದ 34 ಮಿಲಿಮೀಟರ್ ಅಗಲ, 25 ಗ್ರಾಂ ಆಸುಪಾಸಿನ ತೂಕ. ಅದರ ಅರ್ಧ ಬೆಲೆಯ ಡುಪಾಂಡಿಯಸ್ ಕೂಡ ಹಿತ್ತಾಳೆಯದೇ, ಸುಮಾರು 12–13 ಗ್ರಾಂ. ಕಾಲು ಬೆಲೆಯ ಆಸ್ ತಾಮ್ರದ್ದು, 10–11 ಗ್ರಾಂ. ನಾಲ್ಕು ಸೆಸ್ಟರ್ಷಿಯಸ್ ಸೇರಿದರೆ ಒಂದು ಬೆಳ್ಳಿ ಡಿನೇರಿಯಸ್. ಸವೆತದಿಂದ ಎರಡು ಮೂರು ಗ್ರಾಂ ಕಡಿಮೆಯಾಗಿದ್ದರೆ ಗಾಬರಿ ಬೇಡ. ಸೆಸ್ಟರ್ಷಿಯಸ್ 15 ಗ್ರಾಂಗೆ ಇಳಿದಿದ್ದರೆ ಮಾತ್ರ ಅನುಮಾನ ಪಡಿ.

ಸಾಮ್ರಾಜ್ಞಿಯರ ನಾಣ್ಯದಲ್ಲಿ ತೊಡಕು ಬರುವುದು ಡುಪಾಂಡಿಯಸ್ ಮತ್ತು ಆಸ್ ನಡುವೆ. ಎರಡರ ಅಗಲವೂ ಹೆಚ್ಚು ಕಡಿಮೆ ಒಂದೇ, 24ರಿಂದ 27 ಮಿಲಿಮೀಟರ್. ಚಕ್ರವರ್ತಿಯ ನಾಣ್ಯವಾದರೆ ತಲೆಯ ಮೇಲೆ ಸೂರ್ಯಕಿರಣದ ಕಿರೀಟ ಇದ್ದರೆ ಸಾಮಾನ್ಯವಾಗಿ ಡುಪಾಂಡಿಯಸ್, ಎಲೆಯ ಮಾಲೆ ಅಥವಾ ಬರಿದಲೆ ಇದ್ದರೆ ಆಸ್ ಎಂದು ಹೇಳಿಬಿಡಬಹುದು. ಹೆಂಗಸರಿಗೆ ಕಿರಣಕಿರೀಟ ತೊಡಿಸುವ ಪದ್ಧತಿ ಇರಲಿಲ್ಲ. ಹಾಗಾಗಿ ಉಳಿಯುವುದು ಲೋಹದ ಬಣ್ಣ ಒಂದೇ. ಮೂಗು, ಕೆನ್ನೆ, ಕೂದಲಿನ ಉಬ್ಬು ಇಂಥ ಸವೆದ ಜಾಗದಲ್ಲಿ ಒಳಗಿನ ಲೋಹ ಇಣುಕುತ್ತಿರುತ್ತದೆ: ಹಳದಿ ಛಾಯೆ ಇದ್ದರೆ ಹಿತ್ತಾಳೆ, ಕೆಂಪು ಇದ್ದರೆ ತಾಮ್ರ. ಬಣ್ಣ ನೋಡಲೆಂದು ಅಂಚನ್ನು ಕೆರೆಯುವುದು ತಪ್ಪು. ಆಗಸ್ಟಸನ ಕಾಲದ ಹಿತ್ತಾಳೆಯಲ್ಲಿ ಶೇಕಡ 20ರಷ್ಟು ಸತು ಇರುತ್ತಿತ್ತು. ಹಳೆಯ ನಾಣ್ಯ ಕರಗಿಸಿ ಹೊಸದು ಮಾಡುವಾಗ ಸತು ಆವಿಯಾಗಿ ಹೋಗುತ್ತಾ, ಎರಡನೇ ಶತಮಾನದ ಹೊತ್ತಿಗೆ ಹಳದಿ ಮಂಕಾಯಿತು. ಫೌಸ್ಟಿನಾಳ ನಾಣ್ಯದಲ್ಲಿ ಬಣ್ಣ ಸ್ಪಷ್ಟವಾಗದಿದ್ದರೆ "ಡುಪಾಂಡಿಯಸ್ ಅಥವಾ ಆಸ್" ಎಂದೇ ಬರೆದುಕೊಳ್ಳಿ. ಕ್ಯಾಟಲಾಗುಗಳೂ ಹಾಗೇ ಬರೆಯುತ್ತವೆ, ಅದರಲ್ಲಿ ಸಂಕೋಚವಿಲ್ಲ.

ಮೂರನೇ ಶತಮಾನದ ನಾಣ್ಯದಲ್ಲಿ ಒಂದು ಅನುಕೂಲವಿದೆ. ಸಾಮ್ರಾಜ್ಞಿಯ ಭುಜದ ಕೆಳಗೆ ಅರ್ಧಚಂದ್ರ ಕೆತ್ತಿದ್ದರೆ ಅದು ದುಪ್ಪಟ್ಟು ಬೆಲೆಯ ಗುರುತು.

ಎರಡನೇ ಹೆಜ್ಜೆ: ಮುಂಬದಿಯ ಬರಹ

ದೀಪವನ್ನು ಮೇಜಿನ ಮಟ್ಟಕ್ಕೆ ತಗ್ಗಿಸಿ, ಬೆಳಕು ಓರೆಯಾಗಿ ಬೀಳುವಂತೆ ಮಾಡಿ, ನಾಣ್ಯವನ್ನು ನಿಧಾನಕ್ಕೆ ತಿರುಗಿಸಿ. ನೇರ ಬೆಳಕಿನಲ್ಲಿ ಕಾಣದ ಅಕ್ಷರಗಳು ನೆರಳಿನಿಂದಾಗಿ ಎದ್ದು ಕಾಣುತ್ತವೆ. ಬರಹ ಸಾಮಾನ್ಯವಾಗಿ ಗಡಿಯಾರದ ಏಳು ಗಂಟೆಯ ಜಾಗದಲ್ಲಿ ಶುರುವಾಗಿ ಮುಳ್ಳು ಸುತ್ತುವ ದಿಕ್ಕಿನಲ್ಲೇ ಸಾಗುತ್ತದೆ. ಪದಗಳ ನಡುವೆ ಬಿಡುವು ಇರಲೇಬೇಕೆಂದಿಲ್ಲ. ಯೂ ಅಕ್ಷರದ ಜಾಗದಲ್ಲಿ ವೀ ಇರುತ್ತದೆ, ಜೇ ಬದಲು ಐ. ಎ-ವಿ-ಜಿ ಎಂಬ ಮೂರಕ್ಷರ ಕಂಡರೆ ಅದು "ಆಗಸ್ಟಾ" ಎಂಬ ಬಿರುದಿನ ಚುಟುಕು ರೂಪ.

ಕಿರಿಯ ಫೌಸ್ಟಿನಾಳ ವಿಷಯದಲ್ಲಿ ಈ ಬರಹವೇ ಕಾಲವನ್ನು ಹೇಳಿಬಿಡುತ್ತದೆ. ಅವಳು ಚಕ್ರವರ್ತಿ ಆಂಟೊನೈನಸ್ ಪಯಸನ ಮಗಳು. 145ರಲ್ಲಿ ಮಾರ್ಕಸನನ್ನು ಮದುವೆಯಾದಳು, 147ರಲ್ಲಿ ಮೊದಲ ಮಗುವಾದ ಮೇಲೆ ಆಗಸ್ಟಾ ಬಿರುದು ಬಂತು. ಬರಹದಲ್ಲಿ "ಪಿಐ ಆಗ್ ಫಿಲ್", ಅಂದರೆ ಪಯಸನ ಮಗಳು ಎಂದಿದ್ದರೆ ನಾಣ್ಯ ತಂದೆ ಬದುಕಿದ್ದ 147–161ರ ಅವಧಿಯದು. ಬರೀ "ಫೌಸ್ಟಿನಾ ಆಗಸ್ಟಾ" ಎಂದಿದ್ದರೆ ಸಾಮಾನ್ಯವಾಗಿ 161ರಲ್ಲಿ ಗಂಡ ಪಟ್ಟಕ್ಕೆ ಬಂದ ನಂತರದ್ದು. ಇಲ್ಲೊಂದು ಎಚ್ಚರ: ಕೆಲವು ನಾಣ್ಯಗಳಲ್ಲಿ ಮುಂಬದಿಯಲ್ಲಿ "ಫೌಸ್ಟಿನಾ ಆಗಸ್ಟಾ" ಇದ್ದು, "ಆಗುಸ್ತಿ ಪಿಐ ಫಿಲ್" ಎಂಬ ಮಾತು ಹಿಂಬದಿಗೆ ಹೋಗಿರುತ್ತದೆ. ಅಂಥದ್ದು ತಂದೆಯ ಕಾಲದ್ದೇ. ಎರಡೂ ಬದಿ ಓದದೆ ವರ್ಷ ಬರೆಯಬಾರದು ಎನ್ನುವುದು ಇದಕ್ಕೇ.

ತಾಯಿ ಮಗಳು ಇಬ್ಬರೂ ಫೌಸ್ಟಿನಾ ಆಗಿರುವುದರಿಂದ ಆಗುವ ಗೊಂದಲ ಮಾರಾಟಗಾರರ ಚೀಟಿಗಳಲ್ಲೂ ಕಾಣುತ್ತದೆ. ಹಿರಿಯ ಫೌಸ್ಟಿನಾ ತೀರಿಕೊಂಡದ್ದು 140ರಲ್ಲಿ. ಪಯಸ್ ಅವಳನ್ನು ದೇವತೆಯೆಂದು ಘೋಷಿಸಿ, ರೋಮಿನ ಫೋರಂನಲ್ಲಿ ಗುಡಿ ಕಟ್ಟಿಸಿ, ಮುಂದಿನ ಎರಡು ದಶಕ ಅವಳ ಹೆಸರಿನಲ್ಲಿ ನಾಣ್ಯ ಹೊರಡಿಸುತ್ತಲೇ ಇದ್ದ. ಆದ್ದರಿಂದ ಅವಳ ನಾಣ್ಯಗಳಲ್ಲಿ ಬಹುಪಾಲು "ಡಿವಾ ಫೌಸ್ಟಿನಾ" ಎನ್ನುತ್ತವೆ. ಮಗಳು 175–76ರ ಚಳಿಗಾಲದಲ್ಲಿ, ಗಂಡನ ಜೊತೆ ಪೂರ್ವದ ಪ್ರವಾಸದಲ್ಲಿದ್ದಾಗ, ಟಾರಸ್ ಬೆಟ್ಟಗಳ ಬುಡದ ಹಲಾಲಾ ಎಂಬ ಊರಿನಲ್ಲಿ ಸತ್ತಳು. ಅವಳ ಮರಣೋತ್ತರ ನಾಣ್ಯಗಳಲ್ಲಿ "ಡಿವಾ ಫೌಸ್ಟಿನಾ ಪಿಯಾ" ಎಂದಿರುತ್ತದೆ. ಕೊನೆಯ ಮೂರಕ್ಷರ (ಪಿ-ಐ-ಎ) ಸವೆದಿದೆಯೋ ಮೊದಲೇ ಇರಲಿಲ್ಲವೋ ಎಂದು ಭೂತಗನ್ನಡಿಯಲ್ಲಿ ನೋಡಿ: ಅಕ್ಷರಗಳ ನಡುವಿನ ಅಂತರವನ್ನು ಕಣ್ಣಳತೆಯಲ್ಲಿ ಮುಂದುವರಿಸಿದರೆ ಅಲ್ಲಿ ಇನ್ನೊಂದು ಪದಕ್ಕೆ ಜಾಗ ಇತ್ತೇ ಇಲ್ಲವೇ ಗೊತ್ತಾಗುತ್ತದೆ.

ಜೂಲಿಯಾಗಳಲ್ಲೂ ಇದೇ ಕಷ್ಟ. ಸೆಪ್ಟಿಮಿಯಸ್ ಸೆವೆರಸನ ಹೆಂಡತಿ ಜೂಲಿಯಾ ಡೋಮ್ನಾ ಮೊದಲು "ಜೂಲಿಯಾ ಡೋಮ್ನಾ ಆಗ್", ಆಮೇಲೆ ಬರೀ "ಜೂಲಿಯಾ ಆಗಸ್ಟಾ", 211ರಲ್ಲಿ ಗಂಡ ಸತ್ತು ಮಗ ಕಾರಕಲ್ಲಾ ಪಟ್ಟಕ್ಕೆ ಬಂದ ಮೇಲೆ "ಜೂಲಿಯಾ ಪಿಯಾ ಫೆಲಿಕ್ಸ್ ಆಗ್". ಮೇಸಾ, ಸೊಯೇಮಿಯಾಸ್, ಮಾಮೇಯಾ, ಪೌಲಾ ಎಂಬ ಉಳಿದ ಜೂಲಿಯಾಗಳ ಸ್ವಂತ ಹೆಸರು ಬರಹದಲ್ಲೇ ಇರುತ್ತದೆ.

ಅಕ್ಷರಗಳು ಗ್ರೀಕ್ ಆಗಿದ್ದರೆ ನಿಮ್ಮ ಕೈಯಲ್ಲಿರುವುದು ರೋಮ್ ನಗರದ್ದಲ್ಲ, ಪ್ರಾಂತ್ಯದ ಊರೊಂದರ ನಾಣ್ಯ. ಅಲ್ಲಿ ಆಗಸ್ಟಾ ಬದಲು "ಸೆಬಾಸ್ತೆ" ಎಂದಿರುತ್ತದೆ, ದೇವತೆಗಳೂ ಊರಿಗೊಬ್ಬರು. ಅಲೆಕ್ಸಾಂಡ್ರಿಯಾದ ದೊಡ್ಡ ಕಂಚಿನ ದ್ರಾಕ್ಮಾಗಳಲ್ಲಿ ಹಾಯಿ ಹಿಡಿದ ಇಸಿಸ್ ದೇವಿ ಬರುತ್ತಾಳೆ, ಚಕ್ರವರ್ತಿಯ ಆಳ್ವಿಕೆಯ ವರ್ಷವನ್ನೂ ಕೊಟ್ಟಿರುತ್ತಾರೆ. ಅದು ಬೇರೆಯೇ ಲೋಕ, ಅದಕ್ಕೆ ಬೇರೆ ಕ್ಯಾಟಲಾಗು ಬೇಕು.

ಮೂರನೇ ಹೆಜ್ಜೆ: ಕೂದಲು

ಬರಹ ಪೂರ್ತಿ ಸವೆದಿದ್ದರೂ ಹೆರಳು ಹೆಸರು ಹೇಳುತ್ತದೆ. ಹಿರಿಯ ಫೌಸ್ಟಿನಾ ಜಡೆಗಳನ್ನು ನೆತ್ತಿಯ ಮೇಲೆ ಸುತ್ತಿ ಗೋಪುರದಂತೆ ಎತ್ತಿ ಕಟ್ಟುತ್ತಿದ್ದಳು. ಮಗಳದ್ದು ಅಲೆಅಲೆಯಾಗಿ ಹಿಂದಕ್ಕೆ ಬಾಚಿ ತಲೆಯ ಹಿಂಭಾಗದಲ್ಲಿ ಕಟ್ಟಿದ ತುರುಬು. ಈ ಒಂದು ವ್ಯತ್ಯಾಸ ತಾಯಿ ಮಗಳ ಗೊಂದಲದಲ್ಲಿ ಮುಕ್ಕಾಲು ಪಾಲನ್ನು ತೀರಿಸುತ್ತದೆ. ಕಿರಿಯಳ ತುರುಬಿನಲ್ಲೂ ಹಲವು ಬಗೆಗಳಿವೆ. ಮಕ್ಕಳು ಹುಟ್ಟಿದಾಗಲೆಲ್ಲ ಹೊಸ ಭಾವಚಿತ್ರ ಹೊರಟಿತೆಂಬ ಆಧಾರದ ಮೇಲೆ ವಿದ್ವಾಂಸರು ಅವಳ ಕೇಶಶೈಲಿಯನ್ನು ಒಂಬತ್ತು ವಿಧವಾಗಿ ವಿಂಗಡಿಸಿದ್ದಾರೆ. ಅವಳ ಮಗಳು ಲೂಸಿಲ್ಲಾ ಮತ್ತು ಸೊಸೆ ಕ್ರಿಸ್ಪಿನಾ ಇಬ್ಬರೂ ಅದೇ ಮಾದರಿಯನ್ನು ಮುಂದುವರಿಸಿದ್ದರಿಂದ, ಈ ಮೂವರನ್ನು ಕೂದಲಿನಿಂದ ಮಾತ್ರ ಬೇರ್ಪಡಿಸಲು ಹೋಗಬೇಡಿ, ಎರಡಕ್ಷರವಾದರೂ ಸಿಗುವವರೆಗೆ ಹುಡುಕಿ. ಜೂಲಿಯಾ ಡೋಮ್ನಾಳ ದಪ್ಪ ಅಲೆಗಳ, ಶಿರಸ್ತ್ರಾಣದಷ್ಟು ಭಾರವಾಗಿ ಕಾಣುವ ಕೂದಲು ಯಾರಿಗೂ ತಪ್ಪದು. ಮೂರನೇ ಶತಮಾನದ ನಡುವಿನ ಒಟಾಸಿಲಿಯಾ, ಎಟ್ರುಸ್ಕಿಲ್ಲಾ ಮುಂತಾದವರಲ್ಲಿ ಜಡೆ ಕತ್ತಿನಿಂದ ಮೇಲಕ್ಕೆ ಮಡಚಿ ನೆತ್ತಿಯವರೆಗೆ ಏರಿರುತ್ತದೆ.

ನಾಲ್ಕನೇ ಹೆಜ್ಜೆ: ಹಿಂಬದಿಯ ದೇವತೆ

ಹಿಂಬದಿಯಲ್ಲಿ ಮೊದಲು ಹುಡುಕಬೇಕಾದದ್ದು ಎಸ್ ಮತ್ತು ಸಿ ಎಂಬ ಎರಡು ದೊಡ್ಡ ಅಕ್ಷರ. "ಸೆನೆಟಿನ ನಿರ್ಣಯದಂತೆ" ಎಂಬುದರ ಸಂಕ್ಷೇಪ ಅದು. ಮೂರನೇ ಶತಮಾನದವರೆಗಿನ ರೋಮ್ ಟಂಕಸಾಲೆಯ ಸೆಸ್ಟರ್ಷಿಯಸ್, ಡುಪಾಂಡಿಯಸ್, ಆಸ್‌ಗಳಲ್ಲಿ ಬಹುತೇಕ ಇರುತ್ತದೆ. ಆಮೇಲೆ ದೇವತೆಯ ಕೈಗಳನ್ನು ನೋಡಿ. ಮುಖ ಎಲ್ಲರದ್ದೂ ಒಂದೇ, ಸೀರೆಯಂಥ ಉಡುಪೂ ಒಂದೇ. ಯಾರು ಎಂದು ಹೇಳುವುದು ಎಡಗೈ, ಬಲಗೈ, ಕಾಲಬಳಿ. ಕ್ಯಾಟಲಾಗಿನಲ್ಲಿ "ಎಡಕ್ಕೆ ನಿಂತಿದ್ದಾಳೆ" ಎಂದರೆ ನೋಡುವವರ ಎಡಕ್ಕೆ ಮುಖ ಮಾಡಿದ್ದಾಳೆ ಎಂದರ್ಥ, ದೇವತೆಯ ಎಡವಲ್ಲ.

ಜೂನೋ ಅರ್ಘ್ಯದ ತಟ್ಟೆ ಮತ್ತು ಉದ್ದ ರಾಜದಂಡ ಹಿಡಿದಿರುತ್ತಾಳೆ, ಕಾಲಬಳಿ ನವಿಲು. ನವಿಲು ಸವೆದುಹೋದರೆ ಅವಳಿಗೂ ಬೇರೆ ದೇವತೆಗಳಿಗೂ ವ್ಯತ್ಯಾಸ ಕಾಣದು, ಆದ್ದರಿಂದ ಕೆಳಗಿನ ಎಡಮೂಲೆಯನ್ನು ಓರೆಬೆಳಕಿನಲ್ಲಿ ಬಹಳ ಹೊತ್ತು ನೋಡಿ. ಸೀರೀಸ್‌ಳ ಕೈಯಲ್ಲಿ ಧಾನ್ಯದ ತೆನೆ ಮತ್ತು ಪಂಜು. ಪಂಜೊಂದನ್ನೇ ಎರಡೂ ಕೈಯಲ್ಲಿ ಓರೆಯಾಗಿ ಹಿಡಿದಿದ್ದರೆ ಡಯಾನಾ ಲೂಸಿಫೆರಾ. ವೀನಸ್ ಸೇಬು ಹಿಡಿದಿರುತ್ತಾಳೆ. ವೆಸ್ಟಾಳ ಗುರುತು ಉದ್ದ ಹಿಡಿಯ ಸಣ್ಣ ಸೌಟು ಅಥವಾ ಅಂಗೈ ಮೇಲಿನ ಪಲ್ಲಾಸ್ ಅಥೇನಾ ದೇವಿಯ ಪುಟ್ಟ ವಿಗ್ರಹ. ಸಿಬೆಲೆಯ ಪಕ್ಕದಲ್ಲಿ ಸಿಂಹ, ತಲೆಯ ಮೇಲೆ ಕೋಟೆಯಾಕಾರದ ಕಿರೀಟ, ತೋಳಿನಡಿ ಡೋಲು. ಬರಹ "ಮಾತ್ರಿ ಮಾಗ್ನೆ", ಮಹಾಮಾತೆಗೆ.

ಇವರ ಜೊತೆಗೆ ಗುಣಗಳನ್ನೇ ದೇವತೆಯಾಗಿಸಿದ ರೂಪಗಳಿವೆ, ಸಾಮ್ರಾಜ್ಞಿಯರ ನಾಣ್ಯಗಳಲ್ಲಿ ಅವೇ ಹೆಚ್ಚು. ಶೀಲದ ರೂಪವಾದ ಪುಡಿಸಿಟಿಯಾ ಮುಖದ ಮೇಲೆ ಮುಸುಕು ಎಳೆದುಕೊಳ್ಳುತ್ತಾಳೆ. ಕಾನ್ಕಾರ್ಡಿಯಾ ಕುಳಿತು ತಟ್ಟೆ ಚಾಚುತ್ತಾಳೆ, ಸಮೃದ್ಧಿಯ ಕೊಂಬು ಪಕ್ಕದಲ್ಲಿ. ದಂಪತಿಯ ಸಾಮರಸ್ಯಕ್ಕೆ ಅವಳು. ಆರೋಗ್ಯದ ಸಾಲುಸ್ ಬಲಿಪೀಠದಿಂದ ಮೇಲೆದ್ದ ಹಾವಿಗೆ ತಟ್ಟೆಯಲ್ಲಿ ಉಣಿಸುತ್ತಾಳೆ. ಅರಮನೆಯಲ್ಲಿ ಯಾರದೋ ಆರೋಗ್ಯಕ್ಕೆ ಮಾಡಿದ ಪ್ರಾರ್ಥನೆಯ ನೆನಪು ಅದರಲ್ಲಿರಬಹುದು. ಉಲ್ಲಾಸದ ಹಿಲಾರಿಟಾಸ್‌ಳ ಕೈಯಲ್ಲಿ ನೆಲದವರೆಗೆ ಇಳಿದ ಉದ್ದನೆಯ ತಾಳೆಗರಿ. ಅದೃಷ್ಟದ ಫಾರ್ಚುನಾಳಿಗೆ ಹಡಗಿನ ಚುಕ್ಕಾಣಿ. ಭಾಗ್ಯದ ಫೆಲಿಸಿಟಾಸ್‌ಳಿಗೆ ಎರಡು ಹಾವು ಹೆಣೆದ ಕೋಲು. ಸಂತಾನಭಾಗ್ಯದ ಫೆಕುಂಡಿಟಾಸ್‌ಳ ತೋಳಲ್ಲಿ, ಕಾಲಬಳಿಯಲ್ಲಿ ಮಕ್ಕಳು.

ಈ ಕೊನೆಯವಳ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು. ಫೌಸ್ಟಿನಾಳಿಗೆ ಹತ್ತಕ್ಕೂ ಹೆಚ್ಚು ಮಕ್ಕಳು ಹುಟ್ಟಿದರು, ಬಹಳಷ್ಟು ಎಳವೆಯಲ್ಲೇ ಹೋದವು. ಅವಳ ನಾಣ್ಯದ ಮೇಲಿನ ಮಕ್ಕಳ ಸಂಖ್ಯೆ ಎರಡು, ಮೂರು, ನಾಲ್ಕು, ಆರು ಎಂದು ಬದಲಾಗುತ್ತದೆ. ಅದು ಅಲಂಕಾರಕ್ಕೆ ಕೆತ್ತಿದ್ದಲ್ಲ. ಆ ಹೊತ್ತಿಗೆ ಅರಮನೆಯಲ್ಲಿ ಬದುಕಿದ್ದ ಮಕ್ಕಳ ಲೆಕ್ಕಕ್ಕೆ ಹೊಂದಿಸಲು ವಿದ್ವಾಂಸರು ಯತ್ನಿಸಿದ್ದಾರೆ. ಆದ್ದರಿಂದ ಸವೆದ ನಾಣ್ಯದಲ್ಲೂ ತಲೆಗಳನ್ನು ಎಣಿಸಿ ಬರೆದುಕೊಳ್ಳಿ: ತೋಳಿನಲ್ಲಿ ಎಷ್ಟು, ಎಡಗಾಲ ಬಳಿ ಎಷ್ಟು, ಬಲಗಾಲ ಬಳಿ ಎಷ್ಟು. ಕ್ಯಾಟಲಾಗು ಸಂಖ್ಯೆ ಬದಲಾಗುವುದು ಈ ಎಣಿಕೆಯ ಮೇಲೆಯೇ.

ಒಂದು ನಾಣ್ಯವನ್ನು ಪೂರ್ತಿ ಓದೋಣ

ತೂಕ 24 ಗ್ರಾಂ, ಅಗಲ 32 ಮಿಲಿಮೀಟರ್, ಸವೆದ ಕಡೆ ಹಳದಿ: ಸೆಸ್ಟರ್ಷಿಯಸ್. ಮುಂಬದಿಯಲ್ಲಿ ಬಲಕ್ಕೆ ಮುಖ, ಹಿಂದೆ ತುರುಬು, ಬರಹ "ಫೌಸ್ಟಿನಾ ಆಗಸ್ಟಾ": ಕಿರಿಯ ಫೌಸ್ಟಿನಾ, ಬಹುಶಃ 161ರ ನಂತರ. ಹಿಂಬದಿಯಲ್ಲಿ ದೇವತೆಯೇ ಇಲ್ಲ! ಬಟ್ಟೆ ಹೊದಿಸಿದ ಅಗಲವಾದ ಆಸನದ ಮೇಲೆ ಎರಡು ಪುಟ್ಟ ಮಕ್ಕಳು, ಕೆಳಗೆ ಎಸ್-ಸಿ, ಸುತ್ತ "ಸೇಕುಲಿ ಫೆಲಿಸಿಟ್", ಯುಗದ ಭಾಗ್ಯ. ಆ ಆಸನ ದೇವರುಗಳನ್ನು ಕೂರಿಸುವ ಪೀಠ. ಮೇಲೆ ಕುಳಿತವರು 161ರ ಆಗಸ್ಟ್ 31ರಂದು ಹುಟ್ಟಿದ ಅವಳಿಗಳು, ಕಾಮೊಡಸ್ ಮತ್ತು ಫುಲ್ವಸ್ ಆಂಟೊನೈನಸ್. ಎರಡನೆಯವನು ನಾಲ್ಕನೇ ವಯಸ್ಸಿಗೆ ತೀರಿಕೊಂಡ, ಮೊದಲನೆಯವನು 180ರಿಂದ 192ರವರೆಗೆ ಚಕ್ರವರ್ತಿಯಾಗಿ ಆಳಿದ. ಮಗುವಿನ ತಲೆಯ ಮೇಲೆ ನಕ್ಷತ್ರ ಇದೆಯೇ ನೋಡಿ. ಕೆಲವು ಅಚ್ಚುಗಳಲ್ಲಿ ಇರುತ್ತದೆ. ಈಗ ಮುಂಬದಿಯ "ಬಹುಶಃ" ಹೋಯಿತು: ಹಿಂಬದಿ ಅದನ್ನು 161 ಅಥವಾ ಅದರ ನಂತರಕ್ಕೆ ಕಟ್ಟಿಹಾಕಿತು.

ಇದೇ ರೀತಿಯಲ್ಲಿ, ಸೇನಾಧ್ವಜಗಳ ಮುಂದೆ ನಿಂತು ಬಲಿಪೀಠಕ್ಕೆ ಅರ್ಪಿಸುವ ಸ್ತ್ರೀ ಮತ್ತು "ಮಾತ್ರಿ ಕಾಸ್ಟ್ರೋರಮ್" ಎಂಬ ಬರಹ ಇದ್ದರೆ ಅದು 174ರ ಸುಮಾರಿಗೆ ಅವಳಿಗೆ ದೊರೆತ "ಸೇನಾಶಿಬಿರಗಳ ತಾಯಿ" ಬಿರುದಿಗೆ ಸಂಬಂಧಿಸಿದ್ದು. "ಸಿಡೆರಿಬಸ್ ರಿಸೆಪ್ಟಾ" ಎಂದಿದ್ದು ಪಂಜು ಹಿಡಿದ ಡಯಾನಾ ಇದ್ದರೆ ಅವಳು ಸತ್ತು ನಕ್ಷತ್ರಗಳ ನಡುವೆ ಸೇರಿದಳು ಎಂಬ ಘೋಷಣೆ, 176ರ ಸುಮಾರಿನದು.

ಕ್ಯಾಟಲಾಗು ಸಂಖ್ಯೆ ಹುಡುಕಲು ಓಕ್ರೆ ಎಂಬ ಉಚಿತ ಅಂತರ್ಜಾಲ ಕೋಶ ಸಾಕು. ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯ ಯೋಜನೆ ಅದು. ಬರಹದ ನಾಲ್ಕೈದು ಅಕ್ಷರ ಕೊಟ್ಟರೂ ಹುಡುಕುತ್ತದೆ. ಅದು ಕೊಡುವುದು ರೋಮನ್ ಇಂಪೀರಿಯಲ್ ಕಾಯಿನೇಜ್, ಅಂದರೆ ಆರ್‌ಐಸಿ ಸಂಖ್ಯೆ. ಆ ಮಾಲೆಯ ಮೂರನೇ ಸಂಪುಟದಲ್ಲಿ ಫೌಸ್ಟಿನಾ ಎರಡು ಕಡೆ ಬರುತ್ತಾಳೆ: ತಂದೆಯ ಭಾಗದಲ್ಲಿ ಒಮ್ಮೆ, ಗಂಡನ ಭಾಗದಲ್ಲಿ ಇನ್ನೊಮ್ಮೆ. ಸಂಖ್ಯೆಗಳು ಪ್ರತಿ ಚಕ್ರವರ್ತಿಗೂ ಹೊಸದಾಗಿ ಶುರುವಾಗುವುದರಿಂದ, ಬರೀ ಸಂಖ್ಯೆ ಬರೆದರೆ ಎರಡು ಬೇರೆ ನಾಣ್ಯಗಳಿಗೆ ಅನ್ವಯಿಸಬಹುದು. ಚಕ್ರವರ್ತಿಯ ಹೆಸರನ್ನೂ ಸೇರಿಸಿ ಬರೆಯಿರಿ. ಗ್ರೀಕ್ ಬರಹದ ನಾಣ್ಯಗಳಿಗೆ ರೋಮನ್ ಪ್ರಾವಿನ್ಷಿಯಲ್ ಕಾಯಿನೇಜ್‌ನ ಅಂತರ್ಜಾಲ ರೂಪ ಇದೆ.

ನಾಲ್ಕನೇ ಶತಮಾನದ ಸಣ್ಣ ಕಂಚುಗಳು

ಇವು 18–20 ಮಿಲಿಮೀಟರ್ ಅಗಲ, ಸುಮಾರು 3 ಗ್ರಾಂ. ಕಲೆಯ ದೃಷ್ಟಿಯಿಂದ ಎರಡನೇ ಶತಮಾನದ ಎದುರು ನಿಲ್ಲವು, ಆದರೆ ಕಲಿಯುವವರಿಗೆ ಒಳ್ಳೆಯವು: ಬೆಲೆ ಕಡಿಮೆ, ಬರಹ ಸ್ಪಷ್ಟ. ಕಾನ್‌ಸ್ಟಂಟೈನನ ತಾಯಿ ಹೆಲೆನಾಳ ನಾಣ್ಯದ ಹಿಂಬದಿಯಲ್ಲಿ ರೆಂಬೆ ತಗ್ಗಿಸಿ ಹಿಡಿದ ಸುರಕ್ಷೆಯ ದೇವತೆ ಸೆಕ್ಯುರಿಟಾಸ್. ಹೆಂಡತಿ ಫೌಸ್ಟಾಳದ್ದರಲ್ಲಿ ಇಬ್ಬರು ಮಕ್ಕಳನ್ನು ಎತ್ತಿಕೊಂಡು ನಿಂತ ಸ್ತ್ರೀ, ಬರಹ "ಸಾಲುಸ್" ಅಥವಾ "ಸ್ಪೆಸ್" ಎಂದು ಶುರು. ಫೌಸ್ಟಾಳನ್ನು 326ರಲ್ಲಿ ಗಂಡನೇ ಕೊಲ್ಲಿಸಿದ್ದರಿಂದ ಆ ನಾಣ್ಯಗಳ ಕಾಲ 324–326ಕ್ಕೆ ನಿಂತುಬಿಡುತ್ತದೆ. ಇಲ್ಲಿ ಎಸ್-ಸಿ ಇರದು. ಕೆಳಗಿನ ಗೆರೆಯ ಅಡಿ ಟಂಕಸಾಲೆಯ ಗುರುತು ಇರುತ್ತದೆ, ಅದನ್ನು ಓದಿದರೆ ಟ್ರಿಯರ್, ಆರ್ಲ್, ಥೆಸಲೊನೈಕಾ, ಅಂಟಿಯೋಕ್ ಹೀಗೆ ಊರು ತಿಳಿಯುತ್ತದೆ. ಅದೇ ಶತಮಾನದ ಆರಂಭದ ಗ್ಯಾಲೇರಿಯಾ ವಲೇರಿಯಾಳ ನಾಣ್ಯ ಇದಕ್ಕಿಂತ ದೊಡ್ಡದು, ಹಿಂಬದಿಯಲ್ಲಿ ಸೇಬು ಹಿಡಿದ ವೀನಸ್.

ನಕಲಿ, ಮತ್ತು ನಕಲಿಗಿಂತ ಕಷ್ಟದ ತಿದ್ದುಪಡಿ

ರೋಮನ್ ನಾಣ್ಯ ಸುತ್ತಿಗೆಯಿಂದ ಹೊಡೆದು ಮಾಡಿದ್ದು. ಬಿಸಿ ಮಾಡಿದ ಬಿಲ್ಲೆಯನ್ನು ಎರಡು ಅಚ್ಚುಗಳ ನಡುವೆ ಇಟ್ಟು ಬಡಿಯುತ್ತಿದ್ದರು. ಆ ಪೆಟ್ಟಿಗೆ ಲೋಹ ಹೊರಕ್ಕೆ ಹರಿದು ಅಕ್ಷರಗಳ ಬುಡದಲ್ಲಿ ಅಂಚಿನ ಕಡೆಗೆ ಸಣ್ಣ ಗೆರೆಗಳು ಮೂಡುತ್ತವೆ, ಕೆಲವೊಮ್ಮೆ ಅಂಚು ಸೀಳುತ್ತದೆ. ಎರಡನೇ ಶತಮಾನದ ಕೊನೆಯ ಹೊತ್ತಿಗೆ ಬಿಲ್ಲೆಗಳು ಚೌಕದ ಕಡೆಗೆ ವಾಲುತ್ತವೆ. ಆಕಾರ ಸೊಟ್ಟಗಿದೆ ಎಂದು ಅನುಮಾನಿಸಬೇಡಿ. ಎರಕ ಹೊಯ್ದ ನಕಲಿಯಲ್ಲಿ ಹರಿವಿನ ಗೆರೆಗಳಿರುವುದಿಲ್ಲ. ಬದಲಿಗೆ ಮೇಲ್ಮೈಯಲ್ಲಿ ಸೂಜಿಮೊನೆಯಷ್ಟು ಗುಳ್ಳೆಯ ಗುಂಡಿಗಳು, ಅಕ್ಷರದ ಅಂಚು ಮೃದು, ಸುತ್ತಂಚಿನಲ್ಲಿ ಎರಡು ಅಚ್ಚು ಸೇರಿದ ಗೆರೆ ಅಥವಾ ಆ ಗೆರೆ ಅಳಿಸಲು ಅರ ಹಾಕಿದ ಗುರುತು. ಅಂಚನ್ನು ಸುತ್ತಲೂ ಪೂರ್ತಿ ನೋಡಿ. ಫೋಟೊ ನೋಡಿ ಕೊಳ್ಳುವಾಗ ಅಂಚಿನ ಫೋಟೊ ಕೇಳಿ. ಕೊಡಲು ಒಪ್ಪದವರಿಂದ ಕೊಳ್ಳಬೇಡಿ.

ಇನ್ನೊಂದು ನೇರವಾದ ಪರೀಕ್ಷೆ: ಅದೇ ಮಾದರಿಯ ಚಿತ್ರಗಳನ್ನು ಹರಾಜುಗಳ ದಾಖಲೆಯಲ್ಲಿ ಹುಡುಕಿ. ಒಂದೇ ಅಚ್ಚಿನ ಎರಡು ನಾಣ್ಯ ಸಿಗುವುದು ಸಹಜ. ಆದರೆ ಗೀರು, ಸೀಳು, ಬಿಲ್ಲೆಯ ಆಕಾರ ಎಲ್ಲವೂ ಒಂದೇ ಇದ್ದರೆ ಕನಿಷ್ಠ ಒಂದು ನಕಲಿ.

ಹದಿನಾರನೇ ಶತಮಾನದಲ್ಲಿ ಇಟಲಿಯ ಪಾಡುವಾದ ಜೊವಾನಿ ಡಾ ಕವಿನೊ ರೋಮನ್ ಸೆಸ್ಟರ್ಷಿಯಸ್‌ಗಳ ಸೊಗಸಾದ ಅನುಕೃತಿಗಳನ್ನು ಮಾಡಿದ. ಅವು ಪದಕಗಳಾಗಿ ಬೆಲೆಬಾಳುತ್ತವೆ, ಆದರೆ ರೋಮನ್ ಅಲ್ಲ. ತುಂಬ ದುಂಡಾದ ಬಿಲ್ಲೆ, ಅಚ್ಚುಕಟ್ಟಾದ ಅಕ್ಷರ ಅವುಗಳ ಲಕ್ಷಣ. ಕ್ಯಾಲಿಗುಲಾನ ಮೂವರು ತಂಗಿಯರು ಮೂವರು ದೇವತೆಗಳಾಗಿ ನಿಂತ ಸೆಸ್ಟರ್ಷಿಯಸ್, ಅವನ ತಾಯಿ ಹಿರಿಯ ಅಗ್ರಿಪ್ಪಿನಾಳ ಹೇಸರಗತ್ತೆಯ ರಥದ ಸೆಸ್ಟರ್ಷಿಯಸ್, ಚಕ್ರವರ್ತಿ ಟ್ರೇಜನನ ಮನೆಯ ಪ್ಲೊಟಿನಾ, ಮಾರ್ಸಿಯಾನಾ, ಮಟಿಡಿಯಾ ಇವರ ಕಂಚುಗಳು ಇಂಥ ಅಪರೂಪದವು ಅಗ್ಗಕ್ಕೆ ಸಿಕ್ಕರೆ ಅದನ್ನೇ ದೊಡ್ಡ ಎಚ್ಚರಿಕೆಯೆಂದು ತಿಳಿಯಿರಿ.

ತಿದ್ದಿದ ನಾಣ್ಯ ಅಸಲಿಯೇ, ಆದರೆ ಸವೆದ ಕೂದಲನ್ನು, ಬಟ್ಟೆಯ ಮಡಿಕೆಯನ್ನು ಈಗಿನವರು ಉಳಿಯಿಂದ ಮತ್ತೆ ಕೊರೆದಿರುತ್ತಾರೆ. ಕೆನ್ನೆ ಸವೆದು ಚಪ್ಪಟೆಯಾಗಿದ್ದೂ ಕೂದಲಿನ ಎಳೆ ಎಳೆ ಚೂಪಾಗಿದ್ದರೆ, ಹಿನ್ನೆಲೆ ಅಸಹಜವಾಗಿ ನುಣುಪಾಗಿದ್ದು ಅಕ್ಷರಗಳ ಸುತ್ತ ತಗ್ಗು ಕಂಡರೆ ತಿದ್ದಿದ್ದಾರೆಂದೇ ಲೆಕ್ಕ. ನಮ್ಮ ಮಟ್ಟಿಗೆ, ಸವೆದು ಮುಖ ಮಸುಕಾದ ನಾಣ್ಯ ಇಂಥ ನಾಣ್ಯಕ್ಕಿಂತ ಸಾವಿರ ಪಾಲು ಮೇಲು. ಹಚ್ಚಿದ ಬಣ್ಣದ ಕಿಲುಬನ್ನು ಪತ್ತೆಹಚ್ಚಲು ಗಾಜಿನ ಬಟ್ಟಲಿನಲ್ಲಿ ಶುದ್ಧ ಅಸಿಟೋನ್ ಹಾಕಿ ಹತ್ತು ನಿಮಿಷ ಇಡಿ: ಬಣ್ಣ, ವಾರ್ನಿಷ್ ಕರಗುತ್ತವೆ, ನಿಜವಾದ ಕಿಲುಬು ಕರಗದು. ಕಿಟಕಿ ತೆರೆದಿರಲಿ, ಹತ್ತಿರದಲ್ಲಿ ಒಲೆಯಾಗಲಿ ದೀಪವಾಗಲಿ ಉರಿಯುತ್ತಿರಬಾರದು.

ಶುಚಿ ಮಾಡುವುದಿದ್ದರೆ

ನಮ್ಮ ಮನೆಗಳಲ್ಲಿ ಹಿತ್ತಾಳೆ ದೀಪಕ್ಕೆ ಹುಣಸೆಹಣ್ಣು, ತಾಮ್ರದ ತಂಬಿಗೆಗೆ ನಿಂಬೆ ಉಪ್ಪು ಹಚ್ಚಿ ಬೆಳಗುವುದು ವಾಡಿಕೆ. ನಾಣ್ಯಕ್ಕೆ ಇವೆರಡೂ ವಿಷ, ಪೀತಾಂಬರಿ ಪುಡಿಯೂ ಅಷ್ಟೇ. ಹಳೆಯ ನಾಣ್ಯದಲ್ಲಿ ಕೆತ್ತನೆಯ ಸೂಕ್ಷ್ಮ ವಿವರ ಉಳಿದಿರುವುದು ಬಹುಮಟ್ಟಿಗೆ ಕಿಲುಬಿನ ಗಟ್ಟಿ ಪದರದಲ್ಲೇ. ಹುಳಿ ಆ ಪದರವನ್ನು ಕರಗಿಸಿದರೆ ಕೆಳಗೆ ಸಿಗುವುದು ಗುಂಡಿ ಬಿದ್ದ ಗುಲಾಬಿ ಬಣ್ಣದ ಲೋಹ. ಆಲಿವ್ ಎಣ್ಣೆಯಲ್ಲಿ ತಿಂಗಳುಗಟ್ಟಲೆ ನೆನೆಸುವ ಹಳೆಯ ಪದ್ಧತಿಯೂ ಬೇಡ, ಎಣ್ಣೆಯಲ್ಲೂ ಆಮ್ಲವಿದೆ.

ಮಣ್ಣು ಮಾತ್ರ ಅಂಟಿದ್ದರೆ ಡಿಸ್ಟಿಲ್ಡ್ ನೀರಿನಲ್ಲಿ ನೆನೆಹಾಕಿ. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಬೇಡ. ದಿನಕ್ಕೊಮ್ಮೆ ನೀರು ಬದಲಿಸಿ. ಒಂದು ವಾರದ ನಂತರ ಮೆತ್ತಗಾದ ಮಣ್ಣನ್ನು ಬಿದಿರಿನ ಕಡ್ಡಿಯಿಂದ, ಭೂತಗನ್ನಡಿಯ ಕೆಳಗೆ, ಹಿನ್ನೆಲೆಯಿಂದ ಶುರುಮಾಡಿ ಮುಖದ ಕಡೆಗೆ ತೆಗೆಯಿರಿ. ಮುಖಕ್ಕೆ ಕೊನೆಗೆ ಬನ್ನಿ, ಅಷ್ಟು ಹೊತ್ತಿಗೆ ಪದರ ಎಷ್ಟು ಗಟ್ಟಿ ಎಂಬ ಅಂದಾಜು ಕೈಗೆ ಬಂದಿರುತ್ತದೆ. ಕಡ್ಡಿಗೆ ಹಸಿರು ಅಥವಾ ಕೆಂಪು ಪುಡಿ ಹತ್ತಿದರೆ ನಿಲ್ಲಿಸಿ. ಅದು ಮಣ್ಣಲ್ಲ, ನಾಣ್ಯ.

ಕಿಲುಬು ರೋಗ

ಎಲ್ಲ ಹಸಿರೂ ರೋಗವಲ್ಲ. ಗಟ್ಟಿಯಾಗಿ ನುಣುಪಾಗಿರುವ ಕಡುಹಸಿರು, ಕಂದು, ಕಪ್ಪು ಪದರ ನಾಣ್ಯದ ಕವಚ. ಭಯ ಪಡಬೇಕಾದದ್ದು ತಿಳಿಹಸಿರಿನ, ಹಿಟ್ಟಿನಂತೆ ಉದುರುವ ಚುಕ್ಕೆಗೆ. ಮಣ್ಣಿನ ಉಪ್ಪಿನಿಂದ ಬಂದ ಕ್ಲೋರೈಡ್ ತಾಮ್ರದ ಜೊತೆ ಸೇರಿ ಒಳಗೆ ಕುಳಿತಿರುತ್ತದೆ. ತೇವ ಮತ್ತು ಗಾಳಿ ತಗುಲಿದಾಗ ಅದು ಹಸಿರು ಪುಡಿಯಾಗುತ್ತಾ ಹೈಡ್ರೊಕ್ಲೋರಿಕ್ ಆಮ್ಲವನ್ನು ಬಿಡುತ್ತದೆ, ಆ ಆಮ್ಲ ಮತ್ತಷ್ಟು ತಾಮ್ರ ತಿನ್ನುತ್ತದೆ. ತಾನಾಗಿ ನಿಲ್ಲುವ ಚಕ್ರವಲ್ಲ ಅದು.

ಅನುಮಾನವಿದ್ದರೆ ಮುಚ್ಚಳದ ಡಬ್ಬಿಯಲ್ಲಿ ಒದ್ದೆ ಹತ್ತಿ ಇಟ್ಟು, ಅದಕ್ಕೆ ತಾಗದಂತೆ ನಾಣ್ಯವನ್ನು ಒಂದೆರಡು ದಿನ ಇಡಿ. ಹೊಸ ಹಸಿರು ಕಾಳು ಮೂಡಿದರೆ ರೋಗ ಚುರುಕಾಗಿದೆ. ಪುಡಿಯನ್ನು ಕಡ್ಡಿಯಿಂದ ಬುಡದವರೆಗೆ ತೆಗೆದು, ಶೇಕಡ 5ರ ಸೋಡಿಯಂ ಸೆಸ್ಕ್ವಿಕಾರ್ಬೊನೇಟ್ ದ್ರಾವಣದಲ್ಲಿ ನೆನೆಹಾಕಿ. ಅದು ಸಿಗದಿದ್ದರೆ ಒಂದು ಲೀಟರ್ ಡಿಸ್ಟಿಲ್ಡ್ ನೀರಿಗೆ 28 ಗ್ರಾಂ ನೀರಿನಂಶವಿಲ್ಲದ ಸೋಡಿಯಂ ಕಾರ್ಬೊನೇಟ್ ಮತ್ತು 22 ಗ್ರಾಂ ಅಡುಗೆ ಸೋಡಾ ಬೆರೆಸಿದರೆ ಅದೇ ಆಗುತ್ತದೆ. ವಾರಕ್ಕೊಮ್ಮೆ ದ್ರಾವಣ ಬದಲಿಸಿ, ಹಲವು ವಾರ ಬಿಡಬೇಕು. ಕಿಲುಬಿನ ಬಣ್ಣ ಸ್ವಲ್ಪ ಬದಲಾಗಬಹುದು, ನೀಲಿ ಛಾಯೆಯ ಪದರವೂ ಕೂರಬಹುದು, ವಾರಕ್ಕೊಮ್ಮೆ ನೋಡುತ್ತಿರಿ. ಆಮೇಲೆ ಡಿಸ್ಟಿಲ್ಡ್ ನೀರಿನಲ್ಲಿ ನಾಲ್ಕೈದು ದಿನ, ದಿನವೂ ನೀರು ಬದಲಿಸುತ್ತಾ ತೊಳೆದು, ಅಸಿಟೋನ್‌ನಲ್ಲಿ ಅದ್ದಿ ನೀರು ತೆಗೆದು, ಪೂರ್ತಿ ಒಣಗಿಸಿ, ಮೈಕ್ರೊಕ್ರಿಸ್ಟಲೈನ್ ಮೇಣವನ್ನು ತೆಳುವಾಗಿ ಸವರಿ. ಬೆಂಜೊಟ್ರಯಜೋಲ್ ಎಂಬ ರಾಸಾಯನಿಕವನ್ನು ಸಂರಕ್ಷಣಾ ಪ್ರಯೋಗಾಲಯಗಳು ಬಳಸುತ್ತವೆ. ಅದು ಆರೋಗ್ಯಕ್ಕೆ ಒಳ್ಳೆಯದಲ್ಲ, ಮನೆಯಲ್ಲಿ ಬೇಡ.

ಇಡುವುದು, ಬರೆದಿಡುವುದು

ಗಾಳಿಯ ತೇವ ಶೇಕಡ 40ಕ್ಕಿಂತ ಕೆಳಗಿದ್ದರೆ ರೋಗ ಮಲಗಿರುತ್ತದೆ. ಮಂಗಳೂರು, ಉಡುಪಿ, ಕಾರವಾರದ ಮಳೆಗಾಲದಲ್ಲಿ ಕಪಾಟಿನೊಳಗೇ ಇದರ ದುಪ್ಪಟ್ಟು ಇರುತ್ತದೆ. ಗಾಳಿಯಾಡದ ಪಾಲಿಪ್ರೊಪಿಲೀನ್ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ, ಜೊತೆಗೊಂದು ಪುಟ್ಟ ತೇವಮಾಪಕ ಸಾಕು. ಬಣ್ಣ ಬದಲಿಸುವ ಜೆಲ್ ತಂದರೆ ತೇವ ಹೀರಿ ತುಂಬಿದ್ದು ಗೊತ್ತಾಗುತ್ತದೆ. ಪೊಟ್ಟಣದ ಮೇಲಿನ ಸೂಚನೆಯಂತೆ ಓವನ್‌ನಲ್ಲಿ ಕಾಯಿಸಿ ಮತ್ತೆ ಬಳಸಬಹುದು. ಮೆತ್ತಗಿನ ಪಿವಿಸಿ ಜೇಬುಗಳಿಂದ ಆಮ್ಲ ಒಸರಿ ನಾಣ್ಯಕ್ಕೆ ಹಸಿರು ಜಿಗುಟು ಕಟ್ಟುತ್ತದೆ, ಪಾಲಿಯೆಸ್ಟರ್ ಜೇಬು ತನ್ನಿ.

ಪ್ರತಿ ನಾಣ್ಯಕ್ಕೂ ಒಂದು ಚೀಟಿ: ಯಾರು, ಯಾವ ನಾಣ್ಯ, ಟಂಕಸಾಲೆ, ವರ್ಷ, ತೂಕ, ಅಗಲ, ಎರಡೂ ಬದಿಯ ಬರಹ ಕಂಡಷ್ಟೇ, ಕಾಣದ ಅಕ್ಷರಕ್ಕೆ ಚುಕ್ಕೆ, ದೇವತೆಯ ಎರಡೂ ಕೈಯ ವಸ್ತು, ಆರ್‌ಐಸಿ ಸಂಖ್ಯೆ. ಅಚ್ಚಿನ ದಿಕ್ಕನ್ನೂ ಬರೆಯಿರಿ: ಮುಖ ನೆಟ್ಟಗಿರುವಂತೆ ಮೇಲೆ ಕೆಳಗೆ ಎರಡು ಬೆರಳಲ್ಲಿ ಹಿಡಿದು ಬಾಗಿಲಿನಂತೆ ತಿರುಗಿಸಿದಾಗ ದೇವತೆಯ ತಲೆ ಗಡಿಯಾರದ ಎಷ್ಟು ಗಂಟೆಗೆ ಇದೆ ಎಂಬುದು. ರೋಮ್ ಟಂಕಸಾಲೆಯದ್ದು ಹೆಚ್ಚಾಗಿ 12 ಅಥವಾ 6ರ ಆಸುಪಾಸು. ಫೋಟೊ ತೆಗೆಯುವಾಗ ಬೆಳಕು ಮೇಲಿನ ಎಡಮೂಲೆಯಿಂದ ಬರಲಿ, ಪಕ್ಕದಲ್ಲಿ ಅಳತೆಪಟ್ಟಿ ಇರಲಿ.

ಕೊಂಡ ಬಿಲ್ಲು, ಹಿಂದಿನ ಮಾಲೀಕರ ಚೀಟಿ, ಹರಾಜಿನ ವಿವರ ಯಾವುದನ್ನೂ ಎಸೆಯಬೇಡಿ. ಕರ್ನಾಟಕದ ಚಂದ್ರವಳ್ಳಿ ಮತ್ತು ಯಶವಂತಪುರದಲ್ಲಿ ಸಿಕ್ಕ ರೋಮನ್ ನಾಣ್ಯಗಳು ಬೆಳ್ಳಿಯವು. ದಕ್ಷಿಣ ಭಾರತಕ್ಕೆ ಹೇರಳವಾಗಿ ಬಂದ ಟೈಬೀರಿಯಸನ ಡಿನೇರಿಯಸ್ ಹಿಂಬದಿಯಲ್ಲಿ ಕುಳಿತಿರುವ ಸ್ತ್ರೀ ಲಿವಿಯಾಳೇ ಎಂಬ ಅಭಿಪ್ರಾಯವಿದೆ. ಸಾಮ್ರಾಜ್ಞಿಯರ ದೊಡ್ಡ ಕಂಚುಗಳು ಈಗ ಸಂಗ್ರಹಕಾರರ ಕೈ ಸೇರುವುದು ಹೆಚ್ಚಾಗಿ ಯುರೋಪಿನ ಮಾರುಕಟ್ಟೆಯಿಂದ. ಹೊಲದಲ್ಲೋ ಪಾಯ ತೋಡುವಾಗಲೋ ಯಾವುದೇ ಹಳೆಯ ನಾಣ್ಯ ಸಿಕ್ಕರೆ ತೊಳೆಯದೆ, ಸಿಕ್ಕ ಜಾಗ ಕದಡದೆ ಜಿಲ್ಲಾಧಿಕಾರಿಗಳಿಗೆ ತಿಳಿಸಬೇಕು. 1972ರ ಪುರಾವಸ್ತು ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾವಸ್ತು. ಅದನ್ನು ಖಾಸಗಿಯವರು ಭಾರತದಿಂದ ಹೊರಗೆ ಸಾಗಿಸುವಂತಿಲ್ಲ. ಜರ್ಮನಿಯಲ್ಲೋ ಇಂಗ್ಲೆಂಡಿನಲ್ಲೋ ನೆಲೆಸಿ ಅಲ್ಲಿ ಸಂಗ್ರಹಿಸುತ್ತಿರುವವರು ರಜೆಗೆ ಊರಿಗೆ ಬರುವಾಗ ನಾಣ್ಯಗಳನ್ನು ಅಲ್ಲೇ ಬಿಟ್ಟು, ತೋರಿಸಲು ಫೋಟೊಗಳನ್ನು ತನ್ನಿ.